ಇರುವೆಯ ದನಿ ಹಿಡಿದ ಡಬ್ಬಿ

ರಾಣೆಬೆನ್ನೂರಿನ ಒಂದು ವಾಚನಾಲಯದಲ್ಲಿ ತುಳಜಾಬಾಯಿ ಎಂಬ ಶಿಕ್ಷಕಿ, ಮಕ್ಕಳ ಬಾಯಲ್ಲಿ ಅಕ್ಕೋರು, ಪ್ರತಿ ಶನಿವಾರ ಮಧ್ಯಾಹ್ನ ಮಕ್ಕಳಿಗೆ ಕಥೆ ಹೇಳುತ್ತಿದ್ದರು. ಇಪ್ಪತ್ತೆರಡು ವರ್ಷ ಒಂದು ವಾರವೂ ತಪ್ಪಿಸಿದವರಲ್ಲ. ಅವರ ಕಥೆಗಳಲ್ಲಿ ಮಕ್ಕಳಿಗೆ ಬಲು ಇಷ್ಟವಾದದ್ದು ರಾಜನೊಡನೆ ಪಂಥ ಕಟ್ಟಿ ಸೀರೆ ನೇಯ್ದ ಇರುವೆಯದು. ಇರುವೆ ಮಾತಾಡುವಾಗ ಅಕ್ಕೋರು ದನಿಯನ್ನು ಎಷ್ಟು ಸಣ್ಣದು ಮಾಡುತ್ತಿದ್ದರೆಂದರೆ, ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗುತ್ತಿದ್ದರು.

ಆ ಅಕ್ಕೋರ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮೊದಲಿನ ದನಿ ಇರುವುದಿಲ್ಲ ಎಂದರು ಡಾಕ್ಟರು. ಆಪರೇಷನ್ನಿಗೆ ಉಳಿದದ್ದು ಒಂಬತ್ತೇ ದಿನ.

ವಾಚನಾಲಯದ ಸಹಾಯಕ ಹೊನ್ನಪ್ಪ ಚಿಕ್ಕಂದಿನಲ್ಲಿ ಅದೇ ಚಾಪೆಯ ಮೇಲೆ ಕುಳಿತು ಕಥೆ ಕೇಳಿದವನು. ಅವನು ವಾಚನಾಲಯದ ಲ್ಯಾಪ್‌ಟಾಪನ್ನು ಅಕ್ಕೋರ ಮನೆಗೆ ಹೊತ್ತುಕೊಂಡು ಹೋದ. ಅಕ್ಕೋರು ಕಥೆ ಹೇಳಿದರು, ಲ್ಯಾಪ್‌ಟಾಪು ಹಿಡಿದುಕೊಂಡಿತು. ತಿರುಗಿ ಹಾಕಿ ಕೇಳಿದರೆ ಒಳಗಿನ ಫ್ಯಾನಿನ ಭರ್ರೋ ಸದ್ದು. ರಾಜನ ಗರ್ಜನೆ ಮಾತ್ರ ಬಾವಿಯೊಳಗಿನಿಂದ ಬಂದ ಹಾಗೆ ಕೇಳಿಸಿತು.

"ಹೊನ್ನಪ್ಪಾ, ನನ್ನ ಇರಿವಿ ಎಲ್ಲಿ ಹೋತೋ?" ಎಂದು ಕೇಳಿದರು ಅಕ್ಕೋರು.

ಹೊನ್ನಪ್ಪ ಲ್ಯಾಪ್‌ಟಾಪು ಮುಚ್ಚಿದ. ಮರುದಿನ ಬೆಳಗಿನ ಮೊದಲ ಬಸ್ಸಿಗೇ ದಾವಣಗೆರೆಗೆ ಹೊರಟ.

ಅಲ್ಲಿ ಅನ್ವರ್ ಸಾಹೇಬರದೊಂದು ಅಂಗಡಿ. ನಲವತ್ತು ವರ್ಷದಿಂದ ಮೈಕು, ಸ್ಪೀಕರು ರಿಪೇರಿ ಮಾಡಿ ಕಿವಿ ಹದ ಮಾಡಿಕೊಂಡ ಮನುಷ್ಯ. "ಮೈಕಿನ ದನೀನ ಲ್ಯಾಪ್‌ಟಾಪಿಗೆ ಮುಟ್ಟಿಸೋ, ಹೊರಗೆ ಜೋಡಿಸೋ ಸೌಂಡ್ ಕಾರ್ಡು ಬೇಕ್ರೀ" ಎಂದ ಹೊನ್ನಪ್ಪನ ಕಣ್ಣು ಆಗಲೇ ಮೇಲಿನ ಹಲಗೆಯ ಮೇಲಿತ್ತು. ಅಲ್ಲೊಂದು ದೊಡ್ಡ ಡಬ್ಬಿ. ಎಂಟು ಮೈಕು ಸಿಕ್ಕಿಸುವ ಎಂಟು ತೂತು, ಸಾಲಾಗಿ ಹಸಿರು ಕೆಂಪು ದೀಪ. "ಅದನ್ನ ಕೊಡ್ರಿ. ನಮ್ಮ ಅಕ್ಕೋರ ದನಿ ಹಿಡೀಬೇಕು. ಅವ್ರಿಗೆ ಸಣ್ಣದು ತಂದ್ರ ಮರ್ಯಾದಿ ಅಲ್ಲ."

"ಎಷ್ಟು ಜನ ಮಾತಾಡ್ತಾರಪ್ಪ?"

"ಒಬ್ರ ರೀ."

"ಅವರು ಹೇಳೋದ್ರಲ್ಲಿ ಎಲ್ಲಕ್ಕಿಂತ ಸಣ್ಣ ದನಿ ಯಾವ್ದು?"

ಇಂಥ ಪ್ರಶ್ನೆಯನ್ನು ಹೊನ್ನಪ್ಪ ನಿರೀಕ್ಷಿಸಿರಲಿಲ್ಲ. ನಾಚಿಕೊಂಡೇ ಹೇಳಿದ: "ಇರಿವಿ ಮಾತಾಡ್ತೈತ್ರಿ."

ಸಾಹೇಬರು ನಗಲಿಲ್ಲ. ಮೂರು ಡಬ್ಬಿ ತೆಗೆದರು. ಒಂದು ಹೆಬ್ಬೆರಳಿನಷ್ಟು. ಇನ್ನೊಂದು ಅವನು ಮೆಚ್ಚಿದ ದೊಡ್ಡದು. ಮತ್ತೊಂದು ಅಂಗೈಯಗಲದ್ದು, ಬೂದು ಬಣ್ಣ, ಮೈಕಿಗೆ ಒಂದೇ ತೂತು. ಒಂದು ಮೈಕನ್ನು ಹಿಂದಿನ ಕೋಣೆಯಲ್ಲಿಟ್ಟು, ಅದರ ತಂತಿಯನ್ನು ಹೊರಗಿನ ಡಬ್ಬಿಗೆ ಸಿಕ್ಕಿಸಿ ಬಾಗಿಲು ಹಾಕಿದರು. ಹೊನ್ನಪ್ಪನ ಕಿವಿಗೆ ಹೆಡ್‌ಫೋನು ತೊಡಿಸಿದರು.

"ಯಾರ ಮಾತಾಡ್ತಾರ್ರೀ ಒಳಗ?"

"ಯಾರೂ ಇಲ್ಲ. ಸುಮ್ಮನಿರೋದನ್ನ ಕೇಳು."

ಹೆಬ್ಬೆರಳಿನಷ್ಟಿದ್ದ ಡಬ್ಬಿಯಲ್ಲಿ ಬಾಣಲೆಯೊಳಗೆ ಎಣ್ಣೆ ಕಾದ ಹಾಗೆ ಚುರ್ ಎನ್ನುವ ಸದ್ದು. ದೊಡ್ಡದನ್ನು ಜೋಡಿಸಿದರೆ ಎಲ್ಲೋ ದೂರದಲ್ಲಿ ಗುಂಯ್ ಎನ್ನುತ್ತಿತ್ತು. "ಬ್ಯಾಂಡಿನವರಿಗೆ ಇದು ಚಿನ್ನದಂಥದ್ದು. ಡೋಲಿನ ಅಬ್ಬರದಲ್ಲಿ ಈ ಗುಂಯ್ ಯಾರಿಗೂ ಕೇಳಲ್ಲ. ಇರುವೆ ಮಾತ್ರ ಇದರಲ್ಲಿ ಮುಳುಗಿ ಹೋಗ್ತದೆ" ಎಂದರು ಸಾಹೇಬರು.

ಆಮೇಲೆ ಬೂದು ಡಬ್ಬಿ. ಹೊನ್ನಪ್ಪ ಕಾದ. ಏನೂ ಇಲ್ಲ. "ಇದು ಚಾಲೂನ ಆಗಿಲ್ರಿ" ಎಂದ.

ಸಾಹೇಬರು ಎದ್ದು ಬಾಗಿಲು ತೆರೆದಿಟ್ಟು ಆ ಕೋಣೆಗೆ ಹೋದರು. ಮೈಕಿನಿಂದ ಎರಡು ಮೊಳ ದೂರ ನಿಂತು, ಹೆಬ್ಬೆರಳಿಗೆ ತೋರುಬೆರಳನ್ನು ಮೆಲ್ಲಗೆ ಉಜ್ಜಿದರು.

ಹೊನ್ನಪ್ಪನ ಮೈ ಜುಮ್ಮೆಂದಿತು. ಚರ್ಮಕ್ಕೆ ಚರ್ಮ ತಾಗುವ ಆ ಸದ್ದು ಅವನ ಕಿವಿಯ ಒಳಗೇ ಆಗುತ್ತಿತ್ತು! ಜಗತ್ತಿನಲ್ಲಿ ಇಷ್ಟು ಸಣ್ಣ ಸದ್ದೂ ಇದೆಯೆಂದು ಅವನಿಗೆ ಅದುವರೆಗೆ ಗೊತ್ತೇ ಇರಲಿಲ್ಲ. ಬೂದು ಡಬ್ಬಿಯನ್ನೂ ಮೈಕನ್ನೂ ಕಟ್ಟಿಸಿಕೊಂಡ.

ಅಷ್ಟರಲ್ಲಿ ಅಕ್ಕೋರ ದನಿ ಇನ್ನೂ ಕುಗ್ಗಿತ್ತು. ದಿನಕ್ಕೊಂದೇ ಕಥೆ ಹೇಳುವಷ್ಟು ಶಕ್ತಿ. ಹೊನ್ನಪ್ಪ ಕಿಟಕಿ ಮುಚ್ಚಿ, ಗೋಡೆ ಗಡಿಯಾರ ಇಳಿಸಿ ಹೊರಗಿಟ್ಟು, ಹೆಡ್‌ಫೋನು ಹಾಕಿಕೊಂಡು ಎದುರಿಗೆ ಕುಳಿತ. ಅಕ್ಕೋರು ಶುರುಮಾಡಿದರು.

ಚಿಕ್ಕಂದಿನಿಂದ ಕೇಳಿದ ಕಥೆ ಅವನಿಗೆ ಹೊಸದಾಗಿ ಕೇಳಿಸಿತು. ರಾಜ ಬರುವ ಮುಂಚೆ ಅಕ್ಕೋರು ಒಂದು ಪುಟ್ಟ ಉಸಿರು ಎಳೆದುಕೊಳ್ಳುತ್ತಿದ್ದರು. ಇರುವೆ ಗೆಲ್ಲುವಾಗ ಅವರ ನಗು ಮಾತಿನೊಳಗೇ ಇರುತ್ತಿತ್ತು. ಇಷ್ಟು ವರ್ಷ ಅವರ ಮುಂದೆಯೇ ಇದ್ದು ತಾನು ಇದನ್ನೆಲ್ಲ ಕೇಳಿಯೇ ಇರಲಿಲ್ಲವಲ್ಲ ಎಂದು ಅವನ ಕಣ್ಣಲ್ಲಿ ನೀರು ತುಂಬಿತು. ಕಣ್ಣೊರೆಸಿಕೊಂಡ ಸದ್ದನ್ನೂ ಮೈಕು ಹಿಡಿದುಬಿಡುತ್ತದೆಂದು ಒರೆಸಿಕೊಳ್ಳದೆ ಹಾಗೇ ಕುಳಿತ.

ಆಪರೇಷನ್ನಿನ ಹಿಂದಿನ ದಿನಕ್ಕೆ ಏಳು ಕಥೆ ಕೂಡಿದವು.

ಎರಡು ತಿಂಗಳಾದ ಮೇಲೆ ಒಂದು ಶನಿವಾರ ಅಕ್ಕೋರು ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ವಾಚನಾಲಯಕ್ಕೆ ಬಂದು ತಮ್ಮ ಜಾಗದಲ್ಲಿ ಕುಳಿತರು. ಹೊನ್ನಪ್ಪ ಸ್ಪೀಕರು ಹಚ್ಚಿದ. ದನಿ ಸ್ಪೀಕರಿನಿಂದ ಬರುತ್ತಿದ್ದರೆ ಅಕ್ಕೋರ ಕೈಗಳು ಅದಕ್ಕೆ ತಕ್ಕಂತೆ ನೂಲು ತೆಗೆದವು, ಮಗ್ಗ ಹೂಡಿದವು. ಮುಂದಿನ ಸಾಲಿನ ಹುಡುಗಿಯೊಬ್ಬಳು ಬೆರಗಾಗಿ ಕೇಳಿದಳು: "ಅಕ್ಕೋರ, ನಿಮ್ಮ ಬಾಯಿ ಮುಚ್ಚೇತಿ. ಕತಿ ಎಲ್ಲಿಂದ ಬರಾಕತ್ತೇತ್ರಿ?"

ಅಕ್ಕೋರು ತುಟಿಯ ಮೇಲೆ ಬೆರಳಿಟ್ಟು, ಕೇಳು ಎಂಬಂತೆ ಸನ್ನೆ ಮಾಡಿದರು. ಆಗಲೇ ಇರುವೆ ಮಾತಾಡಿತು. ಕೊನೆಯ ಸಾಲಿನಲ್ಲಿ ಗೋಡೆಗೊರಗಿ ಕುಳಿತವರಿಗೂ ಅದು ಹೇಳಿದ ಒಂದೊಂದು ಮಾತೂ ಕೇಳಿಸಿತು.

ನೀತಿ: ಸಾಧನವನ್ನು ಅದರ ಗಾತ್ರ ನೋಡಿ ಆರಿಸಬೇಡಿ, ಯಾವ ಕೆಲಸಕ್ಕೆ ಬೇಕೆಂಬುದನ್ನು ನೋಡಿ ಆರಿಸಿ. ತನ್ನ ಸದ್ದು ಸೇರಿಸದೆ ಇನ್ನೊಬ್ಬರ ದನಿಯನ್ನು ಇದ್ದದ್ದು ಇದ್ದ ಹಾಗೆ ತಲುಪಿಸುವುದೇ ಒಳ್ಳೆಯ ಸಾಧನ. ಒಳ್ಳೆಯ ಕೇಳುಗನ ಗುಣವೂ ಅದೇ.