ಕಾಶಿಗೆ ಹೋದ ಪಾತ್ರ

“ಗುರುಗಳೇ, ಊರಿನಿಂದ ಕಾಗದ ಬಂದಿದೆ. ತಂದೆ ಹಾಸಿಗೆ ಹಿಡಿದಿದ್ದಾರೆ, ನನ್ನನ್ನೇ ಕೇಳುತ್ತಿದ್ದಾರಂತೆ. ಆದರೆ ಪಾಠಶಾಲೆಯ ಮುಖ್ಯಸ್ಥನನ್ನು ನೀವು ಈ ತಿಂಗಳೇ ಆರಿಸುತ್ತೀರಿ. ನಾನು ಎದುರಿಗಿಲ್ಲದಿದ್ದರೆ ಆ ಸ್ಥಾನ ಕೈತಪ್ಪಿ ಹೋಗುತ್ತದೆ. ಆಯ್ಕೆ ಮುಗಿಸಿಕೊಂಡೇ ಊರಿಗೆ ಹೋದರೆ ತಪ್ಪೇ?” ಎಂದು ಶಿಷ್ಯ ಕೇಳಿದ.

“ತಪ್ಪೋ ಸರಿಯೋ ನನಗೇನು ಗೊತ್ತು? ಒಬ್ಬ ನಟನ ಕತೆ ಗೊತ್ತು, ಅದನ್ನು ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ,” ಎಂದರು ಗುರುಗಳು.

ಒಬ್ಬ ನಟನಿದ್ದ. ಇಪ್ಪತ್ತೆಂಟು ವರ್ಷ ಸಿನಿಮಾ, ಧಾರಾವಾಹಿ ಎಂದು ದುಡಿದ. ಪೊಲೀಸು, ಡಾಕ್ಟರು, ಜಡ್ಜು, ಹೆಣ್ಣು ನೋಡಲು ಬರುವ ಗಂಡಿನ ಸೋದರಮಾವ, ಯಾವುದು ಕೊಟ್ಟರೂ ಮಾಡಿದ. ಬಸ್ಸಿನಲ್ಲಿ ಜನ, “ನಿಮ್ಮನ್ನ ಎಲ್ಲೋ ನೋಡಿದ್ದೀವಲ್ಲ ಸಾರ್,” ಎನ್ನುತ್ತಿದ್ದರು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಪಾಪ, ಕೆಟ್ಟ ನಟನೇನಲ್ಲ.

ಕೊನೆಗೊಂದು ಧಾರಾವಾಹಿಯಲ್ಲಿ ನಾಯಕನ ತಂದೆಯ ಪಾತ್ರ ಸಿಕ್ಕಿತು. ಹೆಗಲು ಮುಟ್ಟುವ ಕೂದಲು, ದಪ್ಪ ಮೀಸೆ. ಎರಡೂ ಅವನದೇ, ಅಂಟಿಸಿದ್ದಲ್ಲ. ಮೂರು ತಿಂಗಳಾಗುತ್ತಲೇ ಕತೆ ಬೇರೆ ಕಡೆ ತಿರುಗಿತು, ತಂದೆ ಬೇಡವಾದ. ನಿರ್ದೇಶಕ ಆ ಪಾತ್ರವನ್ನು ಕಾಶಿಗೆ ಕಳಿಸಿಬಿಟ್ಟ. “ಪಾತ್ರ ಸತ್ತಿಲ್ಲ ಸಾರ್, ಕಾಶಿಗೆ ಹೋಗಿದೆ ಅಷ್ಟೇ. ಯಾವತ್ತು ಬೇಕಾದ್ರೂ ಕರೀತೀವಿ. ಕೂದಲು, ಮೀಸೆ ಮಾತ್ರ ಮುಟ್ಟಬೇಡಿ,” ಎಂದ.

ನಟ ಮುಟ್ಟಲಿಲ್ಲ. ಕೂದಲು ಕತ್ತರಿಸಬೇಕಾದ ಪಾತ್ರಗಳನ್ನೆಲ್ಲ ಒಲ್ಲೆ ಎಂದ. ಹೀಗೇ ಎರಡು ವರ್ಷ ಕಳೆಯಿತು.

ಅಷ್ಟರಲ್ಲಿ ಅವನ ತಂದೆ ತೀರಿಕೊಂಡರು. ಹಿರಿಯ ಮಗ ತಲೆ ಮೀಸೆ ಬೋಳಿಸಿಕೊಂಡು ಕೊಳ್ಳಿ ಇಡುವುದು ಆ ಮನೆಯ ಪದ್ಧತಿ. ಕ್ಷೌರದವನು ಬಂದು ಕಾದು ಕೂತ. ನಟ ಮುಂದೆ ಬರಲಿಲ್ಲ.

“ಅಣ್ಣಾ, ಕೂದಲು ಮತ್ತೆ ಬೆಳೆಯುತ್ತೆ. ಅಪ್ಪ ಮತ್ತೆ ಬರ್ತಾರಾ?” ಎಂದ ತಮ್ಮ.

“ನಾಳೆನೇ ಕರೆದರೆ ಏನು ಮಾಡಲೋ? ಬೇರೆಯವನನ್ನ ಹಾಕಿಬಿಡ್ತಾರೆ. ಅಪ್ಪನಿಗೂ ಈ ಪಾತ್ರ ಅಂದರೆ ಪ್ರಾಣ ಕಣೋ,” ಎಂದ ನಟ.

ತಮ್ಮನೇ ಕ್ಷೌರಕ್ಕೆ ಕೂತ, ತಮ್ಮನೇ ಕೊಳ್ಳಿ ಇಟ್ಟ. ಅಂದಿನಿಂದ ಅಣ್ಣನ ಜೊತೆ ಮಾತು ಬಿಟ್ಟ. ಥೂ, ಹೇಳುವುದಕ್ಕೂ ಬೇಜಾರು.

ನಾಲ್ಕು ತಿಂಗಳಿಗೆ ಫೋನು ಬಂತು, ನಾಳೆ ಬೆಳಿಗ್ಗೆ ಬನ್ನಿ ಎಂದು. ನಟ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಓಡಿದ. ಅವನನ್ನು ಕುರ್ಚಿಯಲ್ಲಿ ಕೂರಿಸಿ ಒಂದು ಫೋಟೋ ತೆಗೆದರು. ಡೈಲಾಗು ಯಾವಾಗ ಕೊಡುತ್ತೀರಿ ಎಂದು ಕೇಳಿದ. ಡೈಲಾಗು ಇರಲಿಲ್ಲ. ಪಾತ್ರ ಕಾಶಿಯಲ್ಲಿ ತೀರಿಹೋಗಿತ್ತು. ಮಧ್ಯಾಹ್ನದೊಳಗೆ ಆ ಫೋಟೋಗೆ ಕಟ್ಟು ಹಾಕಿಸಿ, ಗಂಧದ ಹಾರ ಹಾಕಿ, ಗೋಡೆಗೆ ನೇತುಹಾಕಿದರು. ಅದರ ಕೆಳಗೆ ಮಗನ ಪಾತ್ರದ ಹೊಸ ಹುಡುಗ ಬಂದು ಕೂತ. ದೃಶ್ಯ ನಿಜ ಅನ್ನಿಸಬೇಕೆಂದು ಅವನು ನಿಜವಾಗಿಯೇ ತಲೆ ಬೋಳಿಸಿಕೊಂಡಿದ್ದ. ಅದನ್ನು ನೋಡಿ ನಟ ಅಲ್ಲೇ ನೆಲದ ಮೇಲೆ ಕೂತು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಆಮೇಲಾದರೂ ಅವನು ತಲೆ ಬೋಳಿಸಿಕೊಂಡನೇ, ಗುರುಗಳೇ?” ಎಂದು ಕೇಳಿದ.

“ಬೋಳಿಸಿಕೊಂಡನಪ್ಪ, ಮುಂದಿನ ವಾರವೇ, ಸನ್ಯಾಸಿಯ ಪಾತ್ರ ಒಂದು ಬಂದಿತ್ತು.”