ನಿಂಬೆಕಟ್ಟೆಯ ವಿಮಾನ

ಊರಿನಿಂದ ಮೂರು ಮೈಲಿ ಆಚೆ, ಹಳೆಯ ರನ್‌ವೇಯ ತುದಿಯಲ್ಲಿ ರಾಷ್ಟ್ರೀಯ ವಿಮಾನ ಸಂಗ್ರಹಾಲಯವಿದೆ. ಹೆಬ್ಬಾಗಿಲಿನ ಮೇಲೆ ಆ ಹೆಸರು ಆಳೆತ್ತರದ ಅಕ್ಷರಗಳಲ್ಲಿದ್ದರೂ ಬಸ್ಸಿನವರಿಂದ ಹಿಡಿದು ಅಂಚೆಯವರವರೆಗೆ ಎಲ್ಲರಿಗೂ ಅದು ನಿಂಬೆಕಟ್ಟೆಯೇ. ಬಂದವರೆಲ್ಲ ಕೇಳುವುದು ಒಂದೇ, ಇಲ್ಲಿ ನಿಂಬೆತೋಟ ಎಲ್ಲಿತ್ತು ಎಂದು. ತೋಟ ಇರಲಿಲ್ಲ ಮಹಾರಾಯರೇ! ಒಂದು ಗಿಡವೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಟಿಕೆಟ್ ಹರಿಯುತ್ತಿರುವ ನನಗೆ ಇದನ್ನು ಹೇಳಿ ಹೇಳಿ ಬಾಯಿ ಒಣಗಿದೆ. ಆಡಳಿತದವರ ಪುಸ್ತಿಕೆಯಲ್ಲಂತೂ, ತಜ್ಞರ ಸಮಿತಿಯೊಂದು ದೂರದೃಷ್ಟಿಯಿಂದ ಇದನ್ನು ಸ್ಥಾಪಿಸಿತು ಎಂದಿದೆ. ಸಮಿತಿಯಂತೆ, ದೂರದೃಷ್ಟಿಯಂತೆ!

ಹಿಂದೆ ಒಮ್ಮೆ, ಹಾರಾಟವೆಲ್ಲ ಹೊಸ ನಿಲ್ದಾಣಕ್ಕೆ ಹೋದಾಗ, ಒಂದು ಮುದಿ ವಿಮಾನವನ್ನು ಇಲ್ಲೇ ಬಿಟ್ಟುಹೋದರು. ಅದರ ಜೊತೆ ಉಳಿದವನು ಫಿಟ್ಟರ್ ಮುನಿಚೌಡಪ್ಪ. ಹತ್ತೊಂಬತ್ತು ವರ್ಷ ಅದರ ಇಂಜಿನ್ ನೋಡಿಕೊಂಡ ಮನುಷ್ಯ. ಅದನ್ನು ಗುಜರಿಗೆ ಹಾಕುತ್ತಾರೆಂದು ಕೇಳಿದ ದಿನದಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ ಎನ್ನುತ್ತಾರೆ. ಆ ವರ್ಷದ ಆಯುಧಪೂಜೆಗೆ ಎಂದಿನಂತೆ ವಿಮಾನವನ್ನು ತೊಳೆದು, ಕುಂಕುಮವಿಟ್ಟು, ಮೂರು ಚಕ್ರಗಳ ಮುಂದೆ ಮೂರು ನಿಂಬೆಹಣ್ಣು ಇಟ್ಟ. ಗಾಡಿ ಉರುಳಿ ಹಣ್ಣು ಒಡೆದರೆ ತಾನೇ ಪೂಜೆ ಮುಗಿಯುವುದು? ಆದರೆ ಚಕ್ರಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ನಾಲ್ಕು ಜನರನ್ನು ಕರೆತಂದು ಸಂಜೆಯವರೆಗೆ ತಳ್ಳಿದರೂ ಕದಲಲಿಲ್ಲ. ಕೊನೆಯ ಪೂಜೆಯನ್ನೂ ನೆಟ್ಟಗೆ ಮಾಡಲಾಗಲಿಲ್ಲವಲ್ಲ ಎಂದು ಅವನು ರೆಕ್ಕೆಯ ಕೆಳಗೆ ಕೂತು ಅತ್ತ.

ಮೂರನೆಯ ದಿನ ಗುಜರಿ ಮೇಸ್ತ್ರಿ ಬಾಬಾಜಾನ್ ಆಳುಗಳೊಂದಿಗೆ ಬಂದ. ಅರ್ಧ ಆಯಸ್ಸು ಲಾರಿ ಓಡಿಸಿದವನು. ಚಕ್ರದ ಮುಂದೆ ಹಣ್ಣು ಕಂಡದ್ದೇ ಗ್ಯಾಸ್ ಕಟರ್ ಕೆಳಗಿಟ್ಟ. "ಹಣ್ ಇಟ್ಟಿರೋ ಗಾಡೀನ ಕುಯ್ಯಕ್ಕಾಗಲ್ಲ ಸಾರ್. ಮೊದ್ಲು ಉರುಳಿ ಹಣ್ ಒಡೀಲಿ." ಜೊತೆಗಿದ್ದ ಅಧಿಕಾರಿ ರೇಗಿದ. "ಹಂಗಾರೆ ನೀವೇ ತೆಗೀರಿ," ಎಂದ ಬಾಬಾಜಾನ್. ಅಧಿಕಾರಿ ಬಗ್ಗಿದ, ಕೈ ಚಾಚಿದ, ಮತ್ತೆ ಎದ್ದು ಕೈಯನ್ನು ಜೇಬಿಗೆ ಹಾಕಿಕೊಂಡ. ಅವನ ಹೊಸ ಕಾರೂ ಮೊನ್ನೆ ತಾನೇ ನಾಲ್ಕು ಹಣ್ಣು ಹತ್ತಿ ಇಳಿದಿತ್ತು! ಪೂಜೆ ಪೂರ್ಣಗೊಂಡಿಲ್ಲ ಎಂದು ಕಡತದಲ್ಲಿ ಬರೆದು ಹೊರಟುಹೋದ. ಆ ಕಡತವನ್ನು ಹನ್ನೊಂದು ವರ್ಷ ಯಾರೂ ಮುಟ್ಟಲಿಲ್ಲ. ಮುನಿಚೌಡಪ್ಪ ಶುಕ್ರವಾರಕ್ಕೊಮ್ಮೆ ಹಣ್ಣು ಬದಲಿಸಿದ. ಗುಜರಿಗೆಂದು ತಂದು ನಿಲ್ಲಿಸಿದ ಬೇರೆ ವಿಮಾನಗಳಿಗೂ ಇಟ್ಟ. ಹದಿನಾಲ್ಕು ವಿಮಾನ ಸೇರಿದ ಮೇಲೆ, ಇನ್ನೇನು ಮಾಡುವುದೆಂದು ತೋಚದೆ, ಸರ್ಕಾರ ಅದನ್ನೇ ಸಂಗ್ರಹಾಲಯ ಎಂದು ಕರೆಯಿತು. ಉದ್ಘಾಟನೆಗೆಂದು ಚಕ್ರಗಳ ತುಕ್ಕು ಕೆರೆದು, ಗ್ರೀಸ್ ಹಾಕಿ, ಹಳೆಯ ವಿಮಾನವನ್ನು ಹೊಸ ಸಭಾಂಗಣಕ್ಕೆ ಎಳೆಯಲು ಬಂದರೆ ಮುದುಕ ಮುನಿಚೌಡಪ್ಪ ಅಡ್ಡ ನಿಂತ. "ಹಣ್ ಒಡೆದ್ಮೇಲೆ ಗಾಡಿ ಹೊಂಟೋಗ್ಬೇಕು. ಇದು ಎಲ್ಲಿಗೋಗ್ತದೆ ಸ್ವಾಮಿ?" ಬಂದವರು ಎಳೆಯುವ ಹಗ್ಗ ಬಿಚ್ಚಿದರು. ವಿಮಾನ ನಿಂತಲ್ಲೇ ಮುಂದೊಂದು ಕಡೆ ಬಿಟ್ಟು ಅದರ ಸುತ್ತ ಕಟ್ಟೆ ಕಟ್ಟಿ ಸುಮ್ಮನಾದರು.

ಇಂದಿಗೂ ಅದು ಸಭಾಂಗಣಕ್ಕೆ ಓರೆಯಾಗಿ, ಬಿಸಿಲಿನಲ್ಲೇ ನಿಂತಿದೆ. ಮುನಿಚೌಡಪ್ಪ ತೀರಿಕೊಂಡ ಮೇಲೆ, ಇರುವೆ ಮುತ್ತುತ್ತವೆ ಎಂಬ ನೆಪ ಹೇಳಿ, ಆಡಳಿತದವರು ಮೂರು ಪ್ಲಾಸ್ಟಿಕ್ ನಿಂಬೆಹಣ್ಣು ತಂದು ಸ್ಕ್ರೂ ಹಾಕಿ ಕೂರಿಸಿದ್ದಾರೆ. ಪ್ಲಾಸ್ಟಿಕ್! ಅವುಗಳ ಪಕ್ಕದಲ್ಲೇ ಪ್ರತಿ ಶುಕ್ರವಾರ ಮೂರು ನಿಜವಾದ ಹಣ್ಣು ಕಾಣುತ್ತವೆ. ಇಡುವವರು ಯಾರೆಂದು ಪತ್ತೆ ಮಾಡುವ ಕೆಲಸವನ್ನು ಅವರು ನನಗೇ ವಹಿಸಿದ್ದಾರೆ. ಅವರಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ, ಇಡುವವನು ನಾನೇ. ಪ್ಲಾಸ್ಟಿಕ್ ಹಣ್ಣಿಗೆ ಯಾವ ಮೇಸ್ತ್ರಿಯೂ ಅಂಜುವುದಿಲ್ಲ. ಚಕ್ರಗಳಿಗೆ ಗ್ರೀಸ್ ಹಾಕಿಬಿಟ್ಟಿದ್ದಾರಲ್ಲ, ಈಗ ನಾಲ್ಕು ಜನ ತಳ್ಳಿದರೆ ಸಾಕು, ವಿಮಾನ ಉರುಳುತ್ತದೆ.