ಮಡಿಯ ಆವಿ, ಉಪ್ಪಿನ ಹರಳು

ಕಡಲ ನೊರೆಯಿಂದ ಸಿಡಿದ ಪುಟ್ಟ ಉಪ್ಪಿನ ಹರಳೊಂದು ಗಾಳಿಯ ಬೆನ್ನೇರಿ ಬೆಟ್ಟ ಹತ್ತುತ್ತಿತ್ತು. ಅದರ ದಪ್ಪ ದಪ್ಪ ಅಣ್ಣಂದಿರೆಲ್ಲ ಭಾರ ತಾಳಲಾರದೆ ತಪ್ಪಲಿನಲ್ಲೇ ಉಪ್ಪುಪ್ಪು ಮಳೆಯಾಗಿ ಸುರಿದುಹೋಗಿದ್ದರು. ನೆತ್ತಿಯ ಬಂಡೆಗೆ ನೀರು ಮುಟ್ಟಿಸದೆ ತಾನು ಮಾತ್ರ ಇಳಿಯುವುದಿಲ್ಲವೆಂದು ಹರಳು ಹಟ ಹಿಡಿದಿತ್ತು.

ಪಕ್ಕದಲ್ಲೇ ಏರುತ್ತಿದ್ದ ಆವಿಗೆ ಅದು ಹೇಳಿತು: "ನನ್ನನ್ನು ಸೇರಿಕೋ. ಇಬ್ಬರೂ ಕೂಡಿದರೆ ಹನಿಯಾಗುತ್ತೇವೆ."

ಆವಿ ಸರ್ರನೆ ಹಿಂದೆ ಸರಿಯಿತು. "ಮುಟ್ಟಬೇಡ! ನಾನು ಮಡಿಯಲ್ಲಿದ್ದೇನೆ. ಉಪ್ಪನ್ನೆಲ್ಲ ಕಡಲಲ್ಲೇ ಬಿಟ್ಟು ಬಂದಿದ್ದೇನೆ."

"ಒಂಟಿಯಾಗಿ ನೀನು ಹನಿಯಾಗಲಾರೆ."

"ಆಗದಿದ್ದರೆ ಬೇಡ."

ಹರಳು ಬಿಡಲಿಲ್ಲ. ಮಾರು ದೂರದಲ್ಲೇ ಉಳಿದು ಆವಿಯ ಜೊತೆಜೊತೆಗೆ ಏರಿತು. ನೆತ್ತಿ ಮುಟ್ಟುವ ಹೊತ್ತಿಗೆ ಆವಿ ಚಳಿಗೆ ಗಡಗಡ ನಡುಗುತ್ತಿತ್ತು, ಆದರೂ ಹನಿಗಟ್ಟಲಿಲ್ಲ. ಬೆಟ್ಟದ ಆಚೆ ಬದಿಯಲ್ಲಿ ಒಣಗಾಳಿ ಸುಯ್ಯೆನ್ನುವುದು ಕೇಳಿಸಿತು.

"ಇನ್ನೊಂದು ಹೆಜ್ಜೆ ಇಟ್ಟರೆ ಆ ಗಾಳಿ ನಿನ್ನನ್ನು ಹೇಳಹೆಸರಿಲ್ಲದಂತೆ ಮಾಡುತ್ತದೆ," ಎಂದಿತು ಹರಳು. "ಮತ್ತೆ ಕೇಳುತ್ತಿದ್ದೇನೆ, ಸೇರಿಕೋ."

ಆವಿ ಕಣ್ಣು ಮುಚ್ಚಿಕೊಂಡು ಹರಳನ್ನು ಅಪ್ಪಿಕೊಂಡಿತು. ಹನಿಯಾಗಿ, ನೆತ್ತಿಯ ಬಂಡೆಯ ಕುಳಿಯೊಳಗೆ ಟಪ್ಪನೆ ಬಿತ್ತು.

ಜೀವ ಉಳಿದದ್ದೇ ತಡ, ಹನಿಗೆ ಮಡಿ ನೆನಪಾಯಿತು. "ಕೆಲಸ ಆಯಿತಲ್ಲ, ಇನ್ನು ಹೊರಗೆ ನಡೆ!" ಎಂದು ಗದರಿತು.

ಅಷ್ಟರಲ್ಲಿ ಉಪ್ಪು ಹನಿಯ ತುಂಬ ಕರಗಿಹೋಗಿತ್ತು. "ಧಾರಾಳವಾಗಿ," ಎಂದಿತು ಅದು. "ನಾನು ಎಲ್ಲಿ ಮುಗಿದು ನೀನು ಎಲ್ಲಿ ಶುರುವಾಗುತ್ತೀಯೋ ತೋರಿಸು. ಅಲ್ಲಿಂದ ಎದ್ದು ಹೋಗುತ್ತೇನೆ."